ಊಟ ನಿನ್ನ ಮನೆಯಲ್ಲೇ

ಬ್ರೂಕ್ಲಿನ್

ತಂಗಿ ವರ್ಲಿನ್,

ಮಗ ನನ್ನನ್ನು ಹಡಗಿನ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದಾನೆ. ಹಡಗಿನಿಂದ ಫೋನ್ ಮಾಡಿದರೂ ದುಡ್ಡು ಕೀಳುತ್ತಾರಂತೆ. ಅದಕ್ಕೇ ಹೊರಡುವ ಮೊದಲೇ ಈ ಕಾಗದ.

ಮುಂದಿನ ತಿಂಗಳ ಮೊದಲ ಬುಧವಾರ ಹಡಗು ನಮ್ಮ ಗ್ರೆನಡಾಕ್ಕೆ ಬರುತ್ತದೆ. ನಾನು ಹುಟ್ಟಿದ ಊರನ್ನು ನನಗೇ ಸುತ್ತಿಸಿ ಊಟ ಹಾಕಲು ಹಡಗಿನವರಿಗೆ ತೊಂಬತ್ತು ಡಾಲರ್ ಕೊಡಬೇಕಂತೆ! ನನಗೇನು ಹುಚ್ಚೇ? ನಿನ್ನ ಮನೆಗೇ ಊಟಕ್ಕೆ ಬರುತ್ತೇನೆ. ರಾಜಿ ಮಾಡಿಕೊಳ್ಳಲು ಬಂದಳು ಅಂದುಕೊಳ್ಳಬೇಡ, ದುಡ್ಡು ಉಳಿಸಲು ಅಷ್ಟೇ. ತೆಂಗಿನಹಾಲಿನಲ್ಲಿ ದೀವಿಹಲಸು, ಉಪ್ಪುಮೀನು ಬೇಯಿಸು. ಖಾರ ಅಮ್ಮ ಹಾಕುತ್ತಿದ್ದಷ್ಟೇ ಇರಲಿ.

ಟ್ಯಾಕ್ಸಿಗೂ ಯಾಕೆ ದಂಡ, ಬಂದರಿಗೆ ನೀನೇ ಬಾ. ಅಮ್ಮನ ಕಿವಿಯೋಲೆ ನಿನಗೋ ನನಗೋ ಎಂದು ಕಿತ್ತಾಡಿ ಮಾತು ಬಿಟ್ಟವರು, ಈಗ ಇಬ್ಬರೂ ಮುದುಕಿಯರು. ನಿನ್ನ ಮುಖದ ಗುರುತು ಸಿಗದಿದ್ದರೆ ಕಷ್ಟ. ಓಲೆ ನಿನ್ನ ಕಿವಿಯಲ್ಲೇ ಇರಲಿ. ಅದನ್ನು ನೋಡಿ ನಿನ್ನ ಹತ್ತಿರ ಬರುತ್ತೇನೆ.

ನಿನ್ನ ಅಕ್ಕ,
ಅಯಾಂಥಿ