ಗುರುವಾರ ಹಿಡಕಲ್‌ನಲ್ಲಿ ಶೂಟಿಂಗ್

ಮೂಡಲಗಿ
9 ಫೆಬ್ರವರಿ 2025

ಪ್ರೀತಿಯ ಪೂನಮ್ ಅಕ್ಕನಿಗೆ,

ನಿನ್ನ ತಂಗಿ ವಿದ್ಯಾಳ ನಮಸ್ಕಾರ. ದೀಪಾವಳಿ ಮುಗಿಸಿ ಸಂಕೇಶ್ವರಕ್ಕೆ ಹೋದ ಮೇಲೆ ನೀನು ಫೋನ್ ಮಾಡಿದಾಗಲೆಲ್ಲ "ಆರಾಮ ಅದೀನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಸಿಟ್ಟಾಗಬೇಡ. ಫೋನ್ ಇವರ ಜೇಬಿನಲ್ಲಿರುತ್ತದೆ. ನಾನು ಮಾತಾಡುವಾಗ ಸ್ಪೀಕರ್ ಹಾಕಿ ಎದುರಿಗೇ ಕೂರುತ್ತಾರೆ. ಅದಕ್ಕೇ ಈ ಕಾಲದಲ್ಲೂ ಕಾಗದ. ಬಳೆ ಮಾರುವ ಜರೀನಾಬಿ ಚಾಚಿ ತಮ್ಮ ಮಗಳನ್ನು ನೋಡಲು ನಾಳೆ ನಿಮ್ಮೂರಿಗೆ ಹೊರಟಿದ್ದಾರೆ. "ನನ್ನ ಬುಟ್ಟ್ಯಾಗಿನ ಬಳಿ ಒಡದರೂ ಒಡೀಲಿ, ನಿನ್ನ ಕಾಗದ ಮುಟ್ಟಸ್ತೇನವಾ" ಎಂದು ಮಾತು ಕೊಟ್ಟಿದ್ದಾರೆ.

ಮೊದಲು ಸುದ್ದಿ. ದೀಪಾವಳಿಗೆ ನೀನೂ ನೋಡಿದ ನಾಟಕ, ಇವರೇ ಬರೆದು ಇವರೇ ಗಂಡನ ಪಾತ್ರ ಮಾಡಿದ್ದು, ಈಗ ಸಿನಿಮಾ ಆಗುತ್ತಿದೆ. ಮದುವೆ ವಿಡಿಯೊ ತೆಗೆಯುತ್ತಿದ್ದ ಗೋಕಾಕದ ರಾಹುಲ ಡೈರೆಕ್ಟರ್. ಊರಿನ ಅರ್ಧ ಗಂಡಸರು ಕೂದಲಿಗೆ ಬಣ್ಣ ಹಚ್ಚಿಕೊಂಡು ನಮ್ಮ ಅಂಗಳದಲ್ಲೇ ಇರುತ್ತಾರೆ. ಆದರೆ ಮೊದಲ ದಿನ ಕ್ಯಾಮೆರಾಕ್ಕೆ ಅಂಜದೆ ನಿಂತಿದ್ದು ಉದ್ದಪ್ಪ ಕಾಕಾನ ಎಮ್ಮೆ ಒಂದೇ. "ಇದಕ್ಕ ರಿಹರ್ಸಲ್ ಬೇಕಾಗಿಲ್ಲ ನೋಡ್ರಿ" ಎಂದು ಕಾಕಾ ಮೀಸೆ ತಿರುವಿದ. ನಾನೂ ನಕ್ಕೆ ಅಕ್ಕಾ. ನಕ್ಕದ್ದು ಅದೇ ಕಡೆಯ ಸಲ.

ಕೊನೆಯ ದೃಶ್ಯ ನಿನಗೆ ನೆನಪಿರಬೇಕು. ಹೆಂಡತಿಯ ಮೇಲೆ ಸಂಶಯಪಟ್ಟ ಗಂಡ ಅವಳ ಕುತ್ತಿಗೆ ಒತ್ತಿ ಕೊಂದು, ಆಮೇಲೆ ಹೆಣವನ್ನು ತಬ್ಬಿಕೊಂಡು ಅಳುತ್ತಾನೆ. ಹೆಂಡತಿಯ ಪಾತ್ರಕ್ಕೆ ಗೋಕಾಕದ ಕಲಾವಿದೆ ಇರ್ಫಾನಾ ಬಂದಿದ್ದಳಲ್ಲ, ಸಿನಿಮಾಕ್ಕೂ ಅವಳನ್ನೇ ಕರೆಸಿದ್ದರು. ರಂಗದ ಮೇಲೆ ಆ ಕೊಲೆಗೆ ಒಂದು ಪದ್ಧತಿ ಇದೆಯಂತೆ. ಗಂಡಸಿನ ಕೈ ಕುತ್ತಿಗೆಗೆ ತಾಗುವುದಿಲ್ಲ, ಹೆಗಲ ಎಲುಬಿನ ಮೇಲಿರುತ್ತದೆ. ಹೆಂಗಸು ಅವನ ಮುಂಗೈ ಹಿಡಿದಿರುತ್ತಾಳೆ. ಅವಳು ಹಿಡಿತ ಬಿಟ್ಟ ಕೂಡಲೇ ಅವನೂ ಬಿಡಬೇಕು. ದೂರದಲ್ಲಿ ಕೂತ ನಮಗೆ ಅದೆಲ್ಲಿ ಕಾಣುತ್ತದೆ!

ಕ್ಯಾಮೆರಾ ಮಾತ್ರ ಮೂಗಿನ ತುದಿಗೇ ಬಂದು ನಿಲ್ಲುತ್ತದೆ. "ಕೈ ಹೆಗಲ ಮ್ಯಾಲ ಐತಿ ಅಂತ ಗೊತ್ತಾಗಾಕತ್ತೇತ್ರಿ. ಕುತ್ತಿಗಿ ಮ್ಯಾಲ ಇಡ್ರಿ" ಎಂದ ರಾಹುಲ. ಇಟ್ಟರು. ಇರ್ಫಾನಾ ಹಿಡಿತ ಬಿಟ್ಟಳು. ಇವರು ಬಿಡಲಿಲ್ಲ. ಅವಳು ಹಿಮ್ಮಡಿಯಿಂದ ಇವರ ಕಾಲು ತುಳಿದು ತಪ್ಪಿಸಿಕೊಂಡಳು. ನೋಡುತ್ತಿದ್ದವರು ಎಂಥ ಆ್ಯಕ್ಟಿಂಗ್ ಎಂದು ಸಿಳ್ಳೆ ಹಾಕಿದರು.

ಅವಳು ಅಡುಗೆಮನೆಗೆ ಬಂದು ನೀರು ಕೇಳಿದಳು. ಕುಡಿಯಲಾಗಲಿಲ್ಲ. "ವೈನಿ, ನಾ ಬಾಳ ಊರಾಗ ಸತ್ತೇನ್ರಿ. ಕುಡದವರ ಕೈಯಾಗೂ ಸತ್ತೇನಿ. ಮುಂಗೈ ಬಿಟ್ಟಕೂಡ್ಲೆ ಎಲ್ಲಾರೂ ಬಿಟ್ಟಾರ. ನಿಮ್ಮ ಮನಿಯವ್ರು ನನ್ನ ಕಣ್ಣಾಗ ಕಣ್ಣಿಟ್ಟು ನೋಡಿದ್ರು, ಬಿಡಲಿಲ್ಲರಿ" ಎಂದಳು. ಮುಂದಿನ ಬಸ್ಸಿಗೇ ಹೋಗಿಬಿಟ್ಟಳು.

"ಬ್ಯಾರೆದವರು ಯಾಕ? ನಮ್ಮಾಕಿ ಇಲ್ಲೇನು?" ಎಂದರು ಇವರು. ನಮ್ಮ ಕಡೆ ಮನೆಯ ಹೆಂಗಸರು ಬಣ್ಣ ಹಚ್ಚಿದ್ದುಂಟೇ? ಅತ್ತೆ ಎದ್ದೇ ನಿಂತು ಮಗನನ್ನು ಕೇಳಿದರು: "ಯಾವನ ಕೈಯಾಗೋ ನನ್ನ ಸೊಸೀನ ಕೊಡ್ತೀಯೇನೊ ಮಾಳು?"

"ಯಾವನೋ ಅಲ್ಲವ್ವಾ. ಕೊಲ್ಲಾವ ಸ್ವಂತ ಗಂಡನ ಅದಾನಲಾ!"

ಇವರ ಮಾತಿಗೆ ಅಂಗಳವೆಲ್ಲ ನಕ್ಕಿತು. ಅತ್ತೆಯೂ ನಕ್ಕು ಕೂತರು. ನನ್ನನ್ನು ಯಾರೂ ಕೇಳಲಿಲ್ಲ.

ನಿನ್ನೆ ಅಂಗಳದಲ್ಲೇ ರಿಹರ್ಸಲ್. ನನಗೆ ಏನೂ ಹೇಳಿಕೊಡಬೇಕಾಗಲಿಲ್ಲ. "ಏನ್ ವೈನಿ, ಎಲ್ಲಾ ಬಾಯಿಪಾಠ ಐತೆಲಾ!" ಎಂದ ರಾಹುಲ. ಇರದೆ ಏನು? "ಬಾಗಲದಾಗ ಯಾಕ ನಿಂತಿದ್ದಿ? ಯಾರನ್ನ ನೋಡಿ ನಕ್ಕಿ?" ಎಂಬ ಮಾತುಗಳನ್ನೆಲ್ಲ ನಾನು ನಾಟಕಕ್ಕಿಂತ ಮೊದಲೇ ನಮ್ಮ ಅಡುಗೆಮನೆಯಲ್ಲಿ ಕೇಳಿದ್ದೇನೆ. "ಯಾರೂ ಇಲ್ಲರಿ, ನಿಮ್ಮಾಣಿ" ಎಂಬ ಅವಳ ಉತ್ತರ ನಾನು ಅತ್ತು ಹೇಳಿದ್ದೇ. ಒಂದಕ್ಷರ ಬಿಡದೆ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಇನ್ನೂ ಆಗದಿರುವುದು ಆ ಕೊನೆಯ ದೃಶ್ಯ ಒಂದೇ.

ನಿನ್ನೆ ಅದೂ ಬಂತು. ಇರ್ಫಾನಾ ಹೇಳಿದಂತೆ ಮುಂಗೈ ಹಿಡಿದೆ, ಬಿಟ್ಟೆ. ಇವರ ಕೈ ಬಿಡಲಿಲ್ಲ. ಕಣ್ಣಿಗೆ ಕತ್ತಲೆ ಕಟ್ಟಿದ ಮೇಲೆ ಬಿಟ್ಟರು. ನನ್ನ ಸೆರಗು ಸರಿಮಾಡಿ, ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಗುರುವಾರ ಇದಕ್ಕಿಂತ ಚೊಲೊ ಆಗ್ತೈತಿ."

ಗುರುವಾರ ಹಿಡಕಲ್ ಹಿನ್ನೀರಿನ ದಂಡೆಯಲ್ಲಿ ಆ ದೃಶ್ಯದ ಶೂಟಿಂಗ್. ಸುತ್ತ ಜನ ಇರುತ್ತಾರೆ, ಆದರೆ ಎಲ್ಲರೂ ಸಿಳ್ಳೆ ಹಾಕುವವರೇ. ಅಕ್ಕಾ, ಬುಧವಾರವೇ ಬಾ. ಫೋನ್ ಮಾಡಬೇಡ. ಅವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲ, ವಿದ್ಯಾಳನ್ನು ಕೇಳುತ್ತಿದ್ದಾಳೆ ಎಂದು ಹೇಳು. ಮಾಮಾನನ್ನು ಕರೆದುಕೊಂಡು ಬಾ. ಗಂಡಸರ ಎದುರಿಗೆ ಇವರು ಬಹಳ ನಯವಾಗಿರುತ್ತಾರೆ, ಇಲ್ಲ ಎನ್ನಲಾರರು. ನನಗೆ ಎತ್ತಿಕೊಂಡು ಬರಲು ಮಕ್ಕಳಿಲ್ಲ. ಉಟ್ಟ ಸೀರೆಯಲ್ಲೇ ಹೊರಡುತ್ತೇನೆ. ಕಾಗದ ಓದಿದ ಮೇಲೆ ಒಲೆಗೆ ಹಾಕು.

ಮಾಮಾಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ಮುತ್ತು. ನಿಮ್ಮ ಮನೆ ಈಗಿರುವಂತೆಯೇ ತಣ್ಣಗಿರಲಿ.

ನಿನ್ನ ತಂಗಿ,
ವಿದ್ಯಾ

ತಾ.ಕ.: ಬರೆಯಲು ಇಷ್ಟು ತಡವಾದದ್ದು ಫೋನಿನ ಕಾಟಕ್ಕಲ್ಲ. ದೀಪಾವಳಿಯ ರಾತ್ರಿ ಇವರು ಇರ್ಫಾನಾಳನ್ನು ಕೊಂದು ಅಳುವಾಗ ಊರಿನವರು ನಾಟಕ ನಿಲ್ಲಿಸಿ ಮೈಕಿನಲ್ಲಿ ನಿನ್ನ ಹೆಸರು ಕೂಗಿದರು. ನೀನು ಮೆಚ್ಚುಗೆಯ ಆಹೇರ ಕೊಡಲು ರಂಗದ ಮೇಲೆ ಹತ್ತಿ ಇವರಿಗೆ ಶಾಲು ಹೊದಿಸಿದೆ. ಕಣ್ಣೊರೆಸಿಕೊಂಡು "ಇಂಥಾ ಗಂಡ ಸಿಗಾಕ ನನ್ನ ತಂಗಿ ಪುಣ್ಯಾ ಮಾಡ್ಯಾಳ" ಎಂದೆ. ನಿನಗೆ ಏನೂ ಗೊತ್ತಿರಲಿಲ್ಲ, ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಅಂದಿನಿಂದ ನೀನು ನನ್ನ ಮಾತು ನಂಬಲಾರೆ ಎಂಬ ಹೆದರಿಕೆ. ಹೆಂಗಸರೆಲ್ಲ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಅಕ್ಕಾ. ಇವರು ನಿನ್ನ ಶಾಲು ಹೊದ್ದು, ಮೇಲಿನಿಂದ ನನ್ನ ಕೈಗಳನ್ನೇ ನೋಡುತ್ತಿದ್ದರು.