ಇನ್ನೂರು ಜನರಲ್ಲಿ ಒಬ್ಬಳು

ಜನವರಿ ೩, ಶನಿವಾರ, ಪಟ್ಟಂ

ಸಿಟ್ಟು ಇನ್ನೂ ಇಳಿದಿಲ್ಲ. ಕೊಚ್ಚಿಯ ಕಾರ್ನಿವಲ್ಲಿಗೆಂದು ಅಮೆರಿಕದ ನ್ಯೂ ಆರ್ಲಿಯನ್ಸಿನಿಂದ ಬಂದಿದ್ದ ವೇಷ ತೊಟ್ಟು ಹಾಡುವ ಕಪ್ಪು ಜನರ ತಂಡವನ್ನು ನಮ್ಮ ಕನ್ನಡ ಸಂಘಕ್ಕೆ ಕರೆದವಳು ನಾನೇ. ಆ ತಂಡದ ಹಿರಿಯ ಲಿಯಾನ್ ವರ್ಷವಿಡೀ ಕೂತು ಮಣಿ ಪೋಣಿಸಿ ಹೊಲಿದ ಉಡುಪನ್ನು ಕಾರ್ಯದರ್ಶಿ ಸುಧನ್ವ ಮೈಕಿನಲ್ಲಿ ‘ಫ್ಯಾನ್ಸಿ ಡ್ರೆಸ್’ ಎಂದ.

ಲಿಯಾನ್ ಒಂದು ಸಾಲು ಹಾಡಿ, ನಾವು ತಿರುಗಿ ಹಾಡಲೆಂದು ಕಾದರು. ಜನ ಸುಮ್ಮನೆ ವೀಡಿಯೊ ಮಾಡುತ್ತಿದ್ದರು. ಮೂರನೇ ಸಲಕ್ಕೆ ಸುಧನ್ವ ಮೈಕ್ ಆಫ್ ಮಾಡಿಸಿದ.

“ಊಟಕ್ಕೆ ಹೊತ್ತಾಯ್ತು ಮೇಡಂ. ಅದೇ ಸಾಲನ್ನ ಎಷ್ಟು ಸಲ ಕೇಳೋದು?”

“ನಾವು ಉತ್ತರ ಕೊಡದೆ ಅವರು ಮುಂದಕ್ಕೆ ಹೋಗೋದು ಹೇಗೆ?”

ಮೈಕಿಲ್ಲದೆಯೇ ಲಿಯಾನ್ ಮತ್ತೆ ಹಾಡಿದರು. ನಾನು ಎದ್ದು ನಿಂತು, ಗಂಟಲು ಹರಿಯುವಂತೆ ತಿರುಗಿ ಹಾಡಿದೆ. “ಅಮ್ಮಾ, ಇರಿಕ್ಕ್,” ಎಂದು ಮಗಳು ಅನನ್ಯ ಮಲಯಾಳದಲ್ಲಿ ಕೂರಲು ಹೇಳಿ ಸೆರಗು ಎಳೆದಳು. ನಾನು ಕೂರಲಿಲ್ಲ. ನನ್ನೊಬ್ಬಳ ದನಿಯನ್ನೇ ನೆಚ್ಚಿಕೊಂಡು ಅವರು ಮುಂದಿನ ಸಾಲಿಗೆ ಹೋದರು. ಇನ್ನೂರು ಜನರಲ್ಲಿ ಒಬ್ಬಳು. ನಾಳೆ ಬೀಳ್ಕೊಡುವಾಗ ಲಿಯಾನ್ ಅವರ ಮುಖವನ್ನು ಹೇಗೆ ನೋಡಲಿ?