ಕಾರಿನಡಿಯ ಕವರು, ಅಕ್ಕನ ದನಿ

ಜೂನ್ 3, ಸೋಮವಾರ

ಬೆಳಗ್ಗೆ ಕನ್ನಡಕದ ಅಂಗಡಿ. ಎರಡು ಫ್ರೇಮ್ ಹೋದವು. ಆಮೇಲೆ ಒಬ್ಬ ಅಜ್ಜನ ಕಣ್ಣು ಪರೀಕ್ಷೆ. ‘ಇದರಲ್ಲಿ ಚೆನ್ನಾಗಿ ಕಾಣುತ್ತಾ, ಇದರಲ್ಲಾ?’ ಎರಡಕ್ಕೂ ಹೌದು ಅಂದರು. ಕಾಣದಿದ್ದರೂ ಕಾಣುತ್ತೆ ಅನ್ನುವ ಗಿರಾಕಿಗಳ ಜೊತೆ ಏಗಿ ಏಗಿಯೇ ನನ್ನ ತಲೆ ಬೆಳ್ಳಗಾದದ್ದು.

ಹನ್ನೊಂದಕ್ಕೆ ಶಟರ್ ಎಳೆದು ಅಕ್ಕನನ್ನು ಸ್ಪೀಚ್ ಥೆರಪಿಗೆ ಕರೆದೊಯ್ದೆ. ಸೋಮವಾರ, ಗುರುವಾರ — ಗಂಟಲ ಆಪರೇಷನ್ ಆದಾಗಿನಿಂದ ಇದೇ ಪಾಠ. ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆಗಿದ್ದವಳು. ಆಗ ಕ್ಲಾಸಿನಲ್ಲಿ ಗದರಿದರೆ ಗೇಟಿನ ವಾಚ್‌ಮನ್ ಎದ್ದು ನಿಲ್ಲುತ್ತಿದ್ದ. ಈಗ ಉಳಿದಿರುವುದು ಕಾಗದ ಮಡಿಸಿದಷ್ಟು ದನಿ.

ಮನೆಯಲ್ಲಿ ಅದು ಕೇಳಿಸದು. ಅಂಗಡಿ ಮೇಲಿನ ಮನೆ, ಕೆಳಗೇ ಬಸ್ ಸ್ಟಾಪ್. ಬರೆದು ತೋರಿಸು ಅಂದರೆ ಸಿಟ್ಟು: ‘ಜಗಳಾನ ಯಾರಾದ್ರೂ ಬರೆದು ಆಡ್ತಾರೇನೋ?’ ಹಾಗಾಗಿ ಅವಳ ಮಾತೆಲ್ಲ ಕಾರಿನಲ್ಲಿ. ಹೈಬ್ರಿಡ್ ಕಾರು. ನಿಧಾನಕ್ಕೆ ಹೋದರೆ ಬ್ಯಾಟರಿಯಲ್ಲೇ ಓಡುತ್ತದೆ, ಎಂಜಿನ್ ಬಾಯಿ ಬಿಡುವುದಿಲ್ಲ. ಕಾಲುವೆ ದಾರಿ ಹಿಡಿದೆನೆಂದರೆ ಅಕ್ಕ ಶುರು. ಇವತ್ತು ನನ್ನ ಶರ್ಟು, ನನ್ನ ಅಡುಗೆ, ನನ್ನ ಹೊಟ್ಟೆ, ಎಲ್ಲಕ್ಕೂ ಬೈಗುಳ. ಎಷ್ಟು ಖುಷಿಯಾಯಿತು.

ಎರಡು ತಿಂಗಳಿಗೆಂದು ಬಂದವಳು. ಈಗ ಆರು ಆಗುತ್ತಾ ಬಂತು. ಹೋಗುವ ಮಾತನ್ನು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಈ ಮನೆಯಲ್ಲಿ ಎರಡನೇ ತಟ್ಟೆ ತೊಳೆದದ್ದು ಈಗಲೇ. ಇಲ್ಲೇ ಇದ್ದುಬಿಡು ಅಂತ ಹೇಳಬೇಕು. ಹೇಳುತ್ತೇನೆ... ಗುರುವಾರ.

ಜೂನ್ 6, ಗುರುವಾರ

ಹೇಳಲಿಲ್ಲ. ಕ್ಲಿನಿಕ್ಕಿನ ಪಾರ್ಕಿಂಗಿನಲ್ಲಿ ಒಂದು ಗಿಡ್ಡ ಕಾಂಕ್ರೀಟ್ ದಿಂಡು. ನೋಡದೆ ಕಾರಿನ ಮೂತಿ ಹತ್ತಿಸಿದೆ. ರಿವರ್ಸ್ ತೆಗೆದಾಗ ಕರ್ರ್ ಅಂತು. ಬಗ್ಗಿ ನೋಡಿದರೆ ಅಡಿಯ ಕಪ್ಪು ಕವರು ಮುರಿದು ಜೋತಾಡುತ್ತಿದೆ. ನೆಲದ ಮೇಲೆ ಮಲಗಿ, ಕೈ ಹಾಕಿ, ಒಂದೇ ಎಳೆತಕ್ಕೆ ಕಿತ್ತು ಕಸದ ಡಬ್ಬಿಗೆ ಹಾಕಿದೆ. ಪ್ಲಾಸ್ಟಿಕ್ ತಾನೇ.

ಎದ್ದಾಗ ಮೈಯೆಲ್ಲ ಮಣ್ಣು. ಅಕ್ಕ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ‘ಮೊದಲು ಕೀಳೋದು, ಆಮೇಲೆ ಯೋಚನೆ ಮಾಡೋದು. ಚಿಕ್ಕೋನಿದ್ದಾಗ್ಲೂ ಹೀಗೇ ನೀನು.’

ಜೂನ್ 10, ಸೋಮವಾರ

ಕಾರು ಗುಂಯ್‌ಗುಡುತ್ತಿದೆ. ಕಿತ್ತದ್ದು ಮುಂದಿನ ಕವರು. ಹಿಂದಿನದಕ್ಕೆ ಈಗ ಆಸರೆ ತಪ್ಪಿದೆ, ಗಾಳಿ ಹೊಕ್ಕು ಪಟಪಟ. ಕಾಲುವೆ ದಾರಿಯ ಜಲ್ಲಿ ಪಾದಕ್ಕೇ ಸಿಡಿದ ಹಾಗೆ ಕೇಳುತ್ತದೆ. ಅಕ್ಕ ಏನೋ ಅಂದಳು. ‘ಏನು?’ ಅಂದೆ. ಮತ್ತೆ ಅಂದಳು. ‘ಏನು?’ ಕೊನೆಗೆ ಕೈ ಬೀಸಿ ‘ಬಿಡು’ ಅಂದಳು. ಅದೊಂದು ಅರ್ಥವಾಯಿತು.

ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಕೆಳಗೆ ನಿಂತು ಹಲ್ಲು ಕಿರಿದ. ‘ಸಾರ್, ಗಾಡಿ ಚಡ್ಡಿ ಇಲ್ದೆ ಊರೆಲ್ಲ ಸುತ್ತಿದೆ.’

‘ಬರೀ ಪ್ಲಾಸ್ಟಿಕ್ ಅಲ್ವೇನ್ರಿ ಅದು?’

‘ಪ್ಲಾಸ್ಟಿಕ್ಕೇ. ಮೇಲೆ ಬಟ್ಟೆ ತರದ್ದು ಅಂಟಿಸಿರ್ತಾರೆ, ಸದ್ದು ಹೀರ್ಕೊಳ್ಳೋಕೆ. ಕಿತ್ತಿದ್ದು ಎಲ್ಲಿ? ತಂದಿದ್ರೆ ಹೆಂಗೋ ಜೋಡಿಸ್ತಿದ್ದೆ.’

ಕಸದ ಗಾಡಿ ಒಯ್ದಾಯಿತು ಅಂದೆ. ಹೊಸದಕ್ಕೆ ಆರ್ಡರ್ ಹಾಕಿದ. ಹಿಂದಿನ ತುಂಡನ್ನು ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿದು, ‘ಸದ್ಯಕ್ಕೆ ಓಡ್ಲಿ’ ಅಂದ.

ಜೂನ್ 17, ಸೋಮವಾರ

ಟ್ಯಾಗ್ ಕಿತ್ತುಹೋಯಿತು. ಮತ್ತೆ ಪಟಪಟ.

ಥೆರಪಿಸ್ಟ್ ನನ್ನನ್ನು ಒಳಗೆ ಕರೆದು ಗದರಿದರು. ‘ಗಂಟಲು ಊದಿದೆ. ಇವರನ್ನ ಕೂಗಿಸ್ತಿದೀರಾ? ಹೀಗೇ ಆದ್ರೆ ಇರೋ ದನೀನೂ ಹೋಗುತ್ತೆ.’ ಅಕ್ಕ ಕಾಲ ಹೆಬ್ಬೆರಳು ನೋಡುತ್ತಾ ಕೂತಿದ್ದಳು. ಕೂಗಿಸಿದವನು ನಾನೇ, ಏನು ಏನು ಅಂತ.

ಕಾರು ಸರಿಯಾಗುವ ತನಕ ಮಾತೇ ಬೇಡ ಅಂದೆ. ಮುಖ ಸಪ್ಪಗಾಯಿತು. ಅವಳಿಗೆ ಇರುವುದು ಇದೊಂದು ಜಾಗ, ಅದನ್ನೂ ಕಿತ್ತುಕೊಳ್ಳುವುದು ಹೇಗೆ? ಯೋಚಿಸಿ ತೀರ್ಮಾನಿಸಿದೆ: ಇನ್ನು ‘ಏನು’ ಅನ್ನಬಾರದು. ಅವಳು ಮೆಲ್ಲಗೆ ಮಾತಾಡಿಕೊಳ್ಳಲಿ, ನಾನು ಹೂಂಗುಟ್ಟಿದರಾಯಿತು.

ಜೂನ್ 20, ಗುರುವಾರ

ಉಪಾಯ ಫಲಿಸಿದೆ. ಓರೆಗಣ್ಣಲ್ಲಿ ತುಟಿ ನೋಡುತ್ತೇನೆ. ನಕ್ಕರೆ ನಗುತ್ತೇನೆ. ತುಟಿ ನಿಂತರೆ ಹೂಂ. ಕೋಲೆಬಸವನೂ ನಾಚಬೇಕು. ಗ್ಯಾರೇಜಿನ ಹತ್ತಿರ ಅವಳು ಕಿವಿ ಮುಟ್ಟಿ ತೋರಿಸಿ, ಕೇಳಿಸುತ್ತಿದೆಯಾ ಅಂತ ಸನ್ನೆಯಲ್ಲೇ ಕೇಳಿದಳು. ಚೆನ್ನಾಗಿ ಅಂದೆ. ಎಷ್ಟು ಸಮಾಧಾನ ಅವಳಿಗೆ! ಸುಳ್ಳಾದರೇನು, ಗಂಟಲು ಉಳಿಯಿತು.

ಜೂನ್ 27, ಗುರುವಾರ

ಕವರು ಬಂತು. ಬೇರೆ ಮಾಡೆಲ್ಲಿನದು, ತೂತಿಗೆ ತೂತು ಕೂಡುತ್ತಿಲ್ಲ. ‘ಗುಜರೀಲಿ ಹಳೇದು ಸಿಗುತ್ತೆ ಸಾರ್, ಇವತ್ತೇ ಹಾಕ್ಕೊಡ್ತೀನಿ’ ಅಂದ ಮೆಕ್ಯಾನಿಕ್. ಯಾರದೋ ಕಾರಿನ ಹಳೆಯ ಚಡ್ಡಿ ನನ್ನ ಕಾರಿಗೆ ಬೇಡ ಅಂದೆ. ಇಬ್ಬರೂ ನಕ್ಕೆವು. ವಾಪಸ್ ಕಳಿಸಿ ಹೊಸದನ್ನೇ ತರಿಸಲು ಹೇಳಿದೆ. ಅವಸರವೇನಿದೆ, ಹೇಗೂ ನಡೆಯುತ್ತಿದೆ.

ಜುಲೈ 4, ಗುರುವಾರ

ಅಕ್ಕ ಇವತ್ತು ಹೋಗುವಾಗಲೂ ಮಾತಾಡಿದಳು, ಬರುವಾಗಲೂ ಮಾತಾಡಿದಳು. ನಗು ಇರಲಿಲ್ಲ. ಮುಖ ಕಿಟಕಿಯ ಕಡೆ, ತುಟಿಯೂ ಕಾಣದು. ಒಮ್ಮೆ ಸೆರಗಿನಿಂದ ಮೂಗು ಒರೆಸಿಕೊಂಡಳು. ತೀರಿಕೊಂಡ ಭಾವನ ನೆನಪೋ ಏನೋ... ಕಾರು ಬದಿಗೆ ಹಾಕಿ ಕೇಳಬಹುದಿತ್ತು. ಅಂಗಡಿಗೆ ಲೆನ್ಸ್ ತಗೊಂಡು ಹೋಗಲು ಒಬ್ಬರು ಬರುವವರಿದ್ದರು. ಹೂಂ ಅನ್ನುತ್ತಾ ಬಂದೆ.

ಜುಲೈ 8, ಸೋಮವಾರ

ಸೇತುವೆ ದಾಟುವಾಗ ನನ್ನ ಕಡೆ ತಿರುಗಿ ಏನೋ ಅಂದಳು. ಪ್ರಶ್ನೆ ಅಂತ ಹುಬ್ಬಿನಿಂದ ಗೊತ್ತಾಯಿತು. ಕಾದಳು. ಹೂಂ ಅಂದೆ. ಸಾಲದೇನೋ ಅಂತ ‘ಆಗಲಿ’ ಅಂತಲೂ ಸೇರಿಸಿದೆ. ನನ್ನ ಭುಜ ಮೆಲ್ಲಗೆ ತಟ್ಟಿ ಮುಂದಕ್ಕೆ ತಿರುಗಿದಳು.

ಇಲ್ಲೇ ಇದ್ದುಬಿಡು ಅನ್ನುವುದನ್ನು ಕಾರು ಸರಿಯಾದ ದಿನವೇ ಹೇಳುವುದು. ಅವಳ ಉತ್ತರ ನನಗೆ ಸರಿಯಾಗಿ ಕೇಳಿಸಬೇಕು.

ಜುಲೈ 13, ಶನಿವಾರ

ಅಕ್ಕ ಹೋದಳು.

ಮಧ್ಯಾಹ್ನ ಊಟಕ್ಕೆ ಮೇಲೆ ಹೋದರೆ ಬಾಗಿಲಲ್ಲಿ ಅವಳ ಬ್ಯಾಗು. ಪಕ್ಕದಲ್ಲಿ ಅವಳ ಸ್ಕೂಲಿನ ಗೆಳತಿ, ಡ್ರಾಯಿಂಗ್ ಟೀಚರ್. ಟ್ಯಾಕ್ಸಿ ಕೆಳಗೆ ನಿಂತಿತ್ತು.

‘ನೀವು ಒಪ್ಪಿದ್ದು ಒಳ್ಳೇದಾಯ್ತು ನೋಡಿ’ ಅಂದರು ಟೀಚರ್. ‘ನಮ್ಮನೆ ಕೆಳಗಿನ ರೂಮು ಸುಮ್ನೆ ಬಿದ್ದಿದೆ, ಬಾ ಅಂದ್ರೆ ಬರ್ತಾನೇ ಇರ್ಲಿಲ್ಲ. ತಮ್ಮನ್ನೇ ಕೇಳ್ತೀನಿ ಅಂದ್ಳು. ನಿನಗೆ ಭಾರ ಆದ್ನೇನೋ, ಹೋಗ್ಲಾ ಅಂತ ಕೇಳಿದ್ಳಂತಲ್ಲ? ಹೂಂ, ಆಗಲಿ ಅಂದ್ರಂತೆ. ಮುಚ್ಚುಮರೆ ಇಲ್ದೆ ಹೇಳಿದ್ರಲ್ಲ, ಅದೇ ಚೆಂದ.’

ಅಕ್ಕ ನನ್ನನ್ನೇ ನೋಡುತ್ತಿದ್ದಳು. ನನಗೆ ಕೇಳಿಸಿರಲಿಲ್ಲ ಕಣೇ — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅದು ಕೇಳಿಸಿರಲಿಲ್ಲ ಅಂದರೆ ಅದಕ್ಕೂ ಮುಂಚಿನದು? ಅಷ್ಟು ದಿನ ಗಂಟಲು ಸವೆಸಿ ಹೇಳಿಕೊಂಡದ್ದು? ಯಾವುದೂ ಕೇಳಿಸಿರಲಿಲ್ಲ ಅನ್ನಬೇಕಾಗುತ್ತಿತ್ತು. ಬ್ಯಾಗು ಎತ್ತಿಕೊಂಡು ಟ್ಯಾಕ್ಸಿಯ ತನಕ ನಾನೇ ಬಿಟ್ಟುಬಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಜುಲೈ 25, ಗುರುವಾರ

ಕವರು ಹಾಕಿಸಿದೆ. ಮುಂದಿನದು, ಹಿಂದಿನದು, ಎಲ್ಲ ಹೊಸ ಕ್ಲಿಪ್ಪು. ಕಾಲುವೆ ದಾರಿಯಲ್ಲಿ ಒಬ್ಬನೇ ಹೋಗಿ ಬಂದೆ. ಒಂದಿಷ್ಟೂ ಸದ್ದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಳೆ ಅವಳ ಹತ್ತಿರ ಹೋಗಬೇಕು.

ಆಗಸ್ಟ್ 18, ಭಾನುವಾರ

ಇವತ್ತು ಹೋದೆ. ಇಷ್ಟು ದಿನ ದಿನಕ್ಕೊಂದು ನೆಪ.

ಅಕ್ಕ ಚೆನ್ನಾಗಿದ್ದಾಳೆ. ದನಿಯೂ ತುಸು ಏರಿದೆ. ಒಂದು ಸುತ್ತು ಹೋಗೋಣ ಅಂದೆ, ಬಂದಳು. ‘ಸರಿ ಮಾಡಿಸ್ದೆ ಅನ್ನು’ ಅಂತ ಸೀಟು ಸವರಿದಳು. ಸ್ವಲ್ಪ ದೂರ ಹೋದ ಮೇಲೆ —

‘ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಾನು ಅದನ್ನ ಹೇಳಿದ್ದಕ್ಕೇ ತಾನೇ ನೀನು ನನ್ನ ಹೋಗು ಅಂದಿದ್ದು?’

ಪ್ರತಿ ಅಕ್ಷರ ಕೇಳಿಸಿತು.

‘ಯಾವುದನ್ನ?’ ಅಂದುಬಿಟ್ಟೆ.

‘ಯಾವುದನ್ನ ಅಂತೀಯಲ್ಲೋ... ಮದುವೆಗಿಂತ ಮುಂಚಿನಿಂದ ಹೊಟ್ಟೇಲಿಟ್ಕೊಂಡಿದ್ದು. ಯಾರಿಗೂ ಹೇಳಿರ್ಲಿಲ್ಲ. ನೀನು ಬೈತೀಯ ಅಂದ್ಕೊಂಡಿದ್ದೆ. ಬರೀ ಹೂಂ ಅಂದೆ. ನೀನು ಮುಖ ಕೂಡ ತಿರುಗಿಸ್ಲಿಲ್ಲ. ಅವತ್ತೇ ಅನ್ಕೊಂಡೆ, ಇನ್ನು ಇವನ ಮನೇಲಿರಬಾರದು ಅಂತ.’

ಕಾರು ಬದಿಗೆ ಹಾಕಿದೆ. ಎಲ್ಲ ಹೇಳಿದೆ. ಕವರು, ಪಟಪಟ, ಥೆರಪಿಸ್ಟ್ ಬೈದದ್ದು, ನನ್ನ ಹೂಂ.

‘ಅಂದ್ರೆ ಒಂದೂ ಕೇಳಿಸ್ಲಿಲ್ವಾ?’

‘ಇಲ್ಲ ಅಕ್ಕ.’

‘ಮತ್ತೆ ನೀನು ನಗ್ತಿದ್ಯಲ್ಲ?’

‘ನೀನು ನಕ್ಕೆ ಅಂತ ನಕ್ಕೆ.’

ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಈಗ ಹೇಳು, ಒಂದಕ್ಷರ ಬಿಡದೆ ಕೇಳುತ್ತೇನೆ ಅಂತ ಬೇಡಿಕೊಂಡೆ.

‘ಇನ್ನೊಂದ್ಸಲ ಹೇಳೋಷ್ಟು ದನಿ ನನ್ನ ಹತ್ರ ಇಲ್ಲ ಕಣೋ.’

ವಾಪಸ್ ಬಂದೆವು. ಗೇಟಿನ ಹತ್ತಿರ ಅವಳು ಇಳಿಯುವಾಗ ಮನೆಗೆ ಬಂದುಬಿಡು ಅಂದೆ. ನೀನಿಲ್ಲದೆ ಆಗುತ್ತಿಲ್ಲ ಅಂದೆ. ಅಂತೂ ಅಂದೆ.

‘ಇಲ್ಲಿ ನಾನು ಬಾಯಿ ತೆಗೆದ್ರೆ ಇವಳು ಟಿವಿ ಆಫ್ ಮಾಡ್ತಾಳೆ’ ಅಂದಳು. ಸಿಟ್ಟೇನೂ ಇರಲಿಲ್ಲ. ನನ್ನ ಕಾಲರ್ ಸರಿ ಮಾಡಿ ಒಳಗೆ ಹೋದಳು.

ನಮ್ಮ ಟಿವಿಗೂ ಬಟನ್ ಇದೆ. ಕಿಟಕಿಗೂ ಬಾಗಿಲಿದೆ. ಬಸ್ಸಿನ ಸದ್ದು, ಬಸ್ಸಿನ ಸದ್ದು ಅಂತ ಅಷ್ಟೂ ತಿಂಗಳು ಗೊಣಗಿದೆನೇ ಹೊರತು ಒಂದು ದಿನವಾದರೂ ಎದ್ದು ಹೋಗಿ ಆ ಕಿಟಕಿ ಮುಚ್ಚಿ, ಅವಳ ಎದುರು ಕುರ್ಚಿ ಎಳೆದುಕೊಂಡು ಕೂರಲಿಲ್ಲ.